ಚೀನಾದ ಮೂಳೆ ಕ್ಯಾಪ್ಸೂಲ್ ತಗೊಳ್ಳುವವರು ಲಿವರ್ ಮರೆಯಬೇಡಿ

ಮಗ ಶಾಂಘೈಯಿಂದ ತಂದುಕೊಟ್ಟ ಅಂತ ಒಬ್ಬರು ತಾಯಿ ನನ್ನ ಮೇಜಿನ ಮೇಲೆ ಒಂದು ಡಬ್ಬ ಇಟ್ಟರು. ಮೇಲೆಲ್ಲ ಚೀನೀ ಅಕ್ಷರ. ಅವರಿಗೆ ಮುಟ್ಟು ನಿಂತು 12 ವರ್ಷ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.8. ಮೈನಸ್ 2.5ಕ್ಕೆ ಇಳಿದರೇ ನಾವು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಅನ್ನುತ್ತೇವೆ. "ಗಿಡಮೂಲಿಕೆ ಡಾಕ್ಟ್ರೇ, ಸೈಡ್ ಎಫೆಕ್ಟ್ ಇಲ್ವಂತೆ. ನಿಮ್ಮ ವಾರದ ಮಾತ್ರೆ ಬಿಟ್ಟುಬಿಡಲಾ?" ಅಂದರು.

ಬಿಡಬೇಡಿ ಅಂದೆ. ಯಾಕೆ ಅಂತ ಇಲ್ಲಿ ಹೇಳುತ್ತೇನೆ.

ಆ ಡಬ್ಬದಲ್ಲಿದ್ದ ಕ್ಯಾಪ್ಸೂಲಿನ ಹೆಸರು ಶಿಯಾನ್ ಲಿಂಗ್ ಗು ಬಾವ್. ಈ ಕಾಯಿಲೆಗೆ ಚೀನಾದಲ್ಲಿ ತುಂಬ ಬಳಕೆಯಲ್ಲಿದೆ. ಅಲ್ಲಿನ ಹಳೆಯ ವೈದ್ಯದ ಪ್ರಕಾರ ಮೂಳೆಯನ್ನು ನೋಡಿಕೊಳ್ಳುವುದು ಕಿಡ್ನಿ, ಹಾಗಾಗಿ ಮೂಳೆಯ ಔಷಧಿ ಅಂದರೆ ಹೆಚ್ಚಾಗಿ ಕಿಡ್ನಿಗೆ ಬಲ ಕೊಡುವ ಮೂಲಿಕೆ. (ಅವರು ಕಿಡ್ನಿ ಅನ್ನುವುದು ನಾವು ಸ್ಕ್ಯಾನಿನಲ್ಲಿ ನೋಡುವ ಅಂಗವೊಂದನ್ನೇ ಅಲ್ಲ.) ಈ ಕ್ಯಾಪ್ಸೂಲಿನ ಮುಖ್ಯ ಮೂಲಿಕೆ ಯಿನ್ ಯಾಂಗ್ ಹ್ವೊ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದು, ಮೂಳೆ ಕಟ್ಟುವುದಕ್ಕಿಂತ ಕರಗುವುದು ಜಾಸ್ತಿಯಾಗುತ್ತದೆ ಅಲ್ವಾ, ಈ ಗಿಡದಲ್ಲಿರುವ ಕೆಲವು ಅಂಶಗಳು ಆ ಈಸ್ಟ್ರೊಜೆನ್ನಿನ ಹಾಗೆ ಸ್ವಲ್ಪ ಕೆಲಸ ಮಾಡುತ್ತವೆ.

ಇದನ್ನು ಸುಮ್ನೆ ತಳ್ಳಿಹಾಕಲು ನನಗೆ ಇಷ್ಟವಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮುಟ್ಟು ನಿಂತ 100 ಚೀನೀ ಮಹಿಳೆಯರನ್ನು ಎರಡು ವರ್ಷ ನೋಡಿದರು. ಈ ಗಿಡದ ಸಾರ ತಗೊಂಡವರ ತೊಡೆಮೂಳೆಯ ಕುತ್ತಿಗೆಯಲ್ಲಿ ಸಾಂದ್ರತೆ ಶೇ. 1.6 ಏರಿತು, ಸಾರ ತಗೊಳ್ಳದ ಇನ್ನೊಂದು ಗುಂಪಿನಲ್ಲಿ ಶೇ. 1.8 ಇಳಿಯಿತು. ಒಳ್ಳೆಯದೇ. ಆದರೆ ಅದು ಶುದ್ಧಮಾಡಿ ಅಳೆದು ಕೊಟ್ಟ ಸಾರ, ಈ ಡಬ್ಬದ ಕ್ಯಾಪ್ಸೂಲ್ ಅಲ್ಲ. ಅಲ್ಲದೆ ನಮಗೆ ಬೇಕಾಗಿರುವುದು ಬಚ್ಚಲಲ್ಲಿ ಜಾರಿದರೂ ಸೊಂಟ ಮುರಿಯದಿರುವುದು, ಅದನ್ನು ತೋರಿಸಲು 100 ಜನ ಸಾಲುವುದಿಲ್ಲ. 2014ರಲ್ಲಿ, ಔಷಧಿಗಳ ಪುರಾವೆಯನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ತಂಡ, ಈ ಕಾಯಿಲೆಗೆ ಕೊಡುವ ಚೀನೀ ಮೂಲಿಕೆಗಳ 108 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹೆಚ್ಚಿನವು ಸರಿಯಾಗಿ ನಡೆಸಿದ ಪ್ರಯೋಗಗಳೇ ಆಗಿರಲಿಲ್ಲ, ಲಾಭ ಖಚಿತ ಅನ್ನಲಾಗದು ಅಂತ ಬರೆಯಿತು. ಆದರೆ ಆ ತಾಯಿಯ ವಾರದ ಮಾತ್ರೆ ಅಲೆಂಡ್ರೊನೇಟ್ ಬೆನ್ನುಮೂಳೆಯ ಮುರಿತವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಅದಕ್ಕೆ ಗಟ್ಟಿ ಪುರಾವೆ ಇದೆ.

ನನಗೆ ನಿಜಕ್ಕೂ ಭಯ ಲಿವರಿನದು. 2016ರಲ್ಲಿ ಚೀನಾದ ಔಷಧ ನಿಯಂತ್ರಣ ಇಲಾಖೆಯೇ ಈ ಕ್ಯಾಪ್ಸೂಲಿನಿಂದ ಲಿವರಿಗೆ ಪೆಟ್ಟಾಗಬಹುದು ಅಂತ ಎಚ್ಚರಿಸಿತು. ಸಂಶಯ ಇರುವ ಮೂಲಿಕೆಗಳಲ್ಲಿ ಒಂದು ಬು ಗು ಜಿ. ಹೆಸರು ಹೊಸದು ಅನಿಸಿದರೂ ಅದು ನಮ್ಮ ಬಾವಂಚಿ ಬೀಜವೇ, ಇಲ್ಲಿ ತೊನ್ನಿಗೆ ಬಳಸುತ್ತಾರಲ್ಲ, ಅದೇ.

ಆ ತಾಯಿ ಆಗಲೇ ಎರಡು ತಿಂಗಳು ನುಂಗಿದ್ದರು. ಕ್ಯಾಪ್ಸೂಲ್ ನಿಲ್ಲಿಸಿ, ಅವತ್ತೇ ಲಿವರ್ ಪರೀಕ್ಷೆಗೆ ರಕ್ತ ಕೊಡಿಸಿದೆ. ನೀವೂ ತಗೊಳ್ಳುತ್ತಿದ್ದರೆ ಬೈತಾರೆ ಅಂತ ಮುಚ್ಚಿಡಬೇಡಿ. ಹಸಿವು ಸತ್ತರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಡಬ್ಬವನ್ನೂ ತಗೊಂಡು ಹೋಗಿ, ಒಳಗೆ ಏನೇನಿದೆ ಅಂತ ಗೊತ್ತಾಗುವುದು ಅದರಿಂದಲೇ.