ಗ್ರೀಸ್ ಬೇಡ ಅಂದಿದ್ದಾರೆ, ನೋಡಲೇಬೇಡಿ ಅಂದಿಲ್ಲ

"ಮೇಂಟೆನೆನ್ಸ್ ಫ್ರೀ ಅಂತ ಬರೆದಿದ್ದಾರಲ್ಲ ಅಣ್ಣಾ, ಮತ್ತೇನು ನೋಡೋದು?"

ಟ್ರೈಲರ್ ಗಾಲಿಯ ಬೇರಿಂಗ್ ಬಗ್ಗೆ ಈ ಮಾತನ್ನು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇನೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಹತ್ತಿರ ನನ್ನ ವರ್ಕ್‌ಶಾಪ್. ಅಮೆರಿಕದ ಟ್ರಾವೆಲ್ ಟ್ರೈಲರ್‌ಗಳಲ್ಲಿ, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಗಾಲಿ ಮನೆಗಳಲ್ಲಿ, ದೊಡ್ಡ ಪಾಲು ತಯಾರಾಗುವುದು ಈ ಸುತ್ತಮುತ್ತಲೇ. ಶಿಕಾಗೋ ಕಡೆಯ ಕನ್ನಡದವರು ಟ್ರೈಲರ್ ಕೊಂಡರೆ ಒಂದಲ್ಲ ಒಂದು ದಿನ ನನ್ನ ಬಾಗಿಲಿಗೆ ಬರುತ್ತಾರೆ. ಒಳ್ಳೆಯ ಜನ, ಚಕ್ಕುಲಿ ತರುತ್ತಾರೆ. ಟಿವಿಗೆ ಯಾವ ಬ್ರಾಕೆಟ್ ಅಂತ ಅರ್ಧ ಗಂಟೆ ಕೇಳುತ್ತಾರೆ. ಗಾಲಿಯ ಮಾತೆತ್ತಿದರೆ ಮಾತ್ರ ಮೇಲಿನ ಉತ್ತರ.

ಹಬ್ ಅಂದರೆ ಗಾಲಿಯ ನಡುವಿನ ಗುಂಬ. ಬೇರಿಂಗ್ ಅಂದರೆ ಗಾಲಿ ಸಲೀಸಾಗಿ ತಿರುಗಲು ಅದರೊಳಗೆ ಕೂರಿಸಿದ ಉರುಳೆಗಳ ಬಳೆ. ಹಳೆಯ ಬಗೆಯ ಹಬ್‌ನಲ್ಲಿ ಒಳಗೊಂದು, ಹೊರಗೊಂದು ಟೇಪರ್ ರೋಲರ್ ಬೇರಿಂಗ್. ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಬೇಕು. ಕೈ ಮೊಣಕೈವರೆಗೂ ಕೊಳೆ. ಹೊಸ ಬಗೆಯಲ್ಲಿ ಎರಡು ಸಾಲು ರೋಲರ್ ಒಂದೇ ಡಬ್ಬಿಯೊಳಗೆ, ಎರಡೂ ಬದಿಗೆ ಸೀಲ್. ಗ್ರೀಸ್ ಫ್ಯಾಕ್ಟರಿಯಲ್ಲೇ ತುಂಬಿರುತ್ತದೆ. ಆ ಕೊಳೆ ಕೆಲಸ ಇಲ್ಲ, ಅಷ್ಟೇ. 'ಫ್ರೀ' ಅಂದಿದ್ದು ಅದಕ್ಕೆ. ನಾನು ಹೆಚ್ಚಾಗಿ ನೋಡುವ ಆಕ್ಸಲ್‌ಗಳ (ಗಾಲಿ ಕೂರುವ ಅಚ್ಚುಗಳ) ಕೈಪಿಡಿ ತೆಗೆದರೆ, ಗ್ರೀಸ್ ಬೇಡ ಅಂತ ಹೇಳಿದ ಮೇಲೆ, ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಪರೀಕ್ಷೆ ಮಾಡಿ ಅಂತಲೂ ಇದೆ. ಗಡುವು ಮೊದಲಿನದೇ. ಮೊದಲ ಸಾಲು ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಓದಿದವರನ್ನು ನಾನು ಹುಡುಕುತ್ತಲೇ ಇದ್ದೇನೆ.

ಇಲ್ಲಿ ಇನ್ನೊಂದು ಮಾತಿದೆ, ಅದನ್ನೇ ಜನ ತಲೆಗೆ ಹಾಕಿಕೊಳ್ಳುವುದಿಲ್ಲ. ಕಾರಿನಲ್ಲೂ ಇಂಥದ್ದೇ ಮುಚ್ಚಿದ ಬೇರಿಂಗ್ ಇರುತ್ತದಲ್ವಾ, ಅದನ್ನು ಯಾರೂ ನೋಡುವುದಿಲ್ಲವಲ್ಲ ಅಂತ ವಾದಿಸುತ್ತಾರೆ. ನಿಜ. ಆದರೆ ಕಾರಿನ ಬೇರಿಂಗ್ ಹೋಗುವ ಮೊದಲು ನಿಮಗೇ ಹೇಳುತ್ತದೆ. ಮೊದಲು ಗುಂಯ್ ಅನ್ನುತ್ತದೆ, ವೇಗ ಏರಿದ ಹಾಗೆ ದನಿಯೂ ಏರುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ನೀವು ಅದರ ಮೇಲೇ ಕೂತಿರುತ್ತೀರಿ, ಕೇಳಿಸುತ್ತದೆ. ಟ್ರೈಲರ್‌ನ ಗಾಲಿ ನಿಮ್ಮಿಂದ ಇಪ್ಪತ್ತು ಇಪ್ಪತ್ತೈದು ಅಡಿ ಹಿಂದೆ. ಅಲ್ಲಿ ಕೂತವರು ಯಾರೂ ಇಲ್ಲ. ಇಲ್ಲಿ ಗಾಜು ಏರಿಸಿದೆ, ಎಸಿ ಓಡುತ್ತಿದೆ, ಹಾಡು ಹಾಕಿದ್ದೀರಿ, ಹಿಂದಿನ ಸೀಟಿನಲ್ಲಿ ಮಕ್ಕಳ ಜಗಳ. ಬೇರಿಂಗ್ ಎಷ್ಟು ಕೂಗಿಕೊಂಡರೂ ಕೇಳುವ ಕಿವಿ ಇಲ್ಲ. ಅದಕ್ಕೇ ಅದನ್ನು ನಾವೇ ಹೋಗಿ ಮಾತಾಡಿಸಬೇಕು.

ನಮ್ಮ ತಾತನ ಎತ್ತಿನ ಗಾಡಿಗೆ ಕೀಲೆಣ್ಣೆಯ ಗೊಟ್ಟ ನೇತು ಹಾಕಿರುತ್ತಿದ್ದರು. ಸಂತೆಗೆ ಹೊರಡುವ ಮುಂಚೆ ಎಣ್ಣೆ ಬಿಡುವಾಗ ತಾತ ಗಾಲಿಯನ್ನು ಕೈಯಲ್ಲಿ ಒಮ್ಮೆ ಅಲ್ಲಾಡಿಸುತ್ತಿದ್ದರು, ಕಡಾಣಿ ಮುಟ್ಟಿ ನೋಡುತ್ತಿದ್ದರು. ಎಣ್ಣೆ ಹಾಕುವುದು ನೆಪ, ಜೊತೆಗೆ ನೋಡುವುದೂ ಆಗುತ್ತಿತ್ತು. ಈಗ ಗ್ರೀಸ್ ಹಾಕುವುದು ತಪ್ಪಿತು, ಅದರ ಜೊತೆಗೆ ಬಗ್ಗಿ ನೋಡುವುದೂ ತಪ್ಪಿತು.

ನೋಡುವುದು ಹೇಗೆ? ಗಾಲಿಯನ್ನು ನೆಲದಿಂದ ಎತ್ತಿ. ಆಕ್ಸಲ್ ಕೊಳವೆಗೆ ಜಾಕ್ ಕೊಡಬೇಡಿ, ಬಾಗುತ್ತದೆ. ಫ್ರೇಮ್‌ಗೆ ಕೊಡಿ. ಗಾಲಿ ತಿರುಗಿಸಿ. ಕೈಗೆ ಮರಳು ಅರೆದ ಹಾಗೆ ಅನ್ನಿಸಿದರೆ ಅದು ಕೆಟ್ಟ ಸುದ್ದಿ. ಬ್ರೇಕ್ ಸವರಿದರೂ ಸದ್ದು ಬರುತ್ತದೆ, ಅದು ಬೇರೆ. ಆಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಕೂದಲೆಳೆಯಷ್ಟು ಆಟ ಇರಬಹುದು, ಅದು ಇರಬೇಕಾದದ್ದೇ. ಟಕ್ ಟಕ್ ಅಂದರೆ ತನ್ನಿ. ಸೀಲ್ ಸುತ್ತ ಸ್ವಲ್ಪ ಗ್ರೀಸ್ ಒಸರಿದ್ದರೆ ಗಾಬರಿ ಬೇಡ. ಎಷ್ಟು ಅಂದರೆ ಸ್ವಲ್ಪ ಅಂತ ಫೋನಿನಲ್ಲಿ ಕೇಳಬೇಡಿ, ನೋಡದೆ ನಾನು ಹೇಳುವುದಿಲ್ಲ.

ಅತಿ ಜಾಣರ ಕಥೆಯೂ ಒಂದಿದೆ. ಒಬ್ಬರು, ನಮ್ಮ ತುಮಕೂರು ಕಡೆಯವರೇ, ಹಬ್‌ನ ಹೊರಗಿನ ಟೋಪಿಗೆ ತೂತು ಕೊರೆದು, ಗ್ರೀಸ್ ತುಂಬುವ ಮೂತಿ, ಅಂದರೆ ಗ್ರೀಸ್ ನಿಪ್ಪಲ್ ಕೂರಿಸಿಕೊಂಡು ಬಂದಿದ್ದರು. "ಕಂಪನಿಯವರು ಹಾಕದಿದ್ದರೆ ನಾವೇ ಹಾಕೋಣ ಅಂತ." ಗ್ರೀಸ್ ಗನ್ ಹಿಡಿದು ಎರಡು ಟ್ಯೂಬ್ ಹೊಡೆದಿದ್ದಾರೆ. ಟೋಪಿ ತೆಗೆದೆ. ಒಳಗೆ ಬೆಣ್ಣೆಯ ಮುದ್ದೆ ಹಾಗೆ ಗ್ರೀಸ್ ಗಟ್ಟಿಯಾಗಿ ಕೂತಿತ್ತು. ಒರೆಸಿದರೆ ಹಿಂದೆ ಬೇರಿಂಗಿನ ಸೀಲ್ ಬಾಯಿ ಮುಚ್ಚಿಕೊಂಡು ಹಾಗೇ ಇತ್ತು. ಒಂದು ಹನಿಯೂ ಒಳಗೆ ಹೋಗಿಲ್ಲ. ಹೋಗುವ ದಾರಿಯೇ ಇಲ್ಲ ಸ್ವಾಮಿ! ಇನ್ನೊಬ್ಬರು ಹಬ್ಬನ್ನು ಆಕ್ಸಲ್‌ಗೆ ಹಿಡಿದಿಡುವ ನಟ್ಟನ್ನು ಹಳೆಯ ಕ್ರಮದಲ್ಲಿ ಬಿಗಿದು, ಸಡಿಲಿಸಿ, ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದರು. ಮುಚ್ಚಿದ ಬೇರಿಂಗಿಗೆ ಅದು ನಡೆಯದು. ನನ್ನ ಕೈಗೆ ಬರುವ ಹೆಚ್ಚಿನವಕ್ಕೆ 145ರಿಂದ 155 ಅಡಿ-ಪೌಂಡ್ ಬಿಗಿ, ಅದೂ ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲೇ. ನಿಮ್ಮದಕ್ಕೆ ಎಷ್ಟು ಅಂತ ನಿಮ್ಮ ಕೈಪಿಡಿ ನೋಡಿಕೊಳ್ಳಿ.

ಬೇರಿಂಗಿನ ಮೇಲೆ ಬೀಳುವ ಭಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 40 ಗ್ಯಾಲನ್ ನೀರು ತುಂಬಿದರೆ ಸುಮಾರು 150 ಕಿಲೋ. ಅದರ ಮೇಲೆ ಸೋನಾ ಮಸೂರಿ ಮೂಟೆ, ಗ್ರೈಂಡರ್, ಎಲ್ಲ ಒಂದೇ ಮಗ್ಗುಲಿಗೆ. ಯೆಲ್ಲೋಸ್ಟೋನ್‌ನಲ್ಲಿ ದೋಸೆ ತಿನ್ನಲೇಬೇಕಾ ಅಂತ ಕೇಳಿದರೆ ಮನೆಯವರು ಮುಖ ಊದಿಸಿಕೊಳ್ಳುತ್ತಾರೆ.

ಆ ದೋಸೆ ಕುಟುಂಬದವರೇ ಸೌತ್ ಡಕೋಟದಲ್ಲಿ, ಐ-90 ಹೆದ್ದಾರಿಯಲ್ಲಿ ನಿಂತುಬಿಟ್ಟಿದ್ದು. ಪಕ್ಕದ ಲಾರಿಯವನು ಹಾರನ್ ಹೊಡೆದು ಹಿಂದಕ್ಕೆ ಕೈ ತೋರಿಸಿದ. ಹೊಗೆ. ಇಳಿದು ನೋಡಿದರೆ ಬಲಗಡೆಯ ಹಿಂದಿನ ಗಾಲಿ ಓರೆಯಾಗಿ ನಿಂತಿದೆ, ಹಬ್ಬು ನೀಲಿಗಟ್ಟಿದೆ. ಆರು ವರ್ಷದ ಟ್ರೈಲರ್, ಒಮ್ಮೆಯೂ ಗಾಲಿ ಎತ್ತಿ ನೋಡಿರಲಿಲ್ಲ. ಚಳಿಗಾಲವೆಲ್ಲ ಹುಲ್ಲಿನ ಮೇಲೆ ನಿಂತದ್ದು. ಸೀಲ್ ಮೂಲಕ ತೇವ ಹೋಗಿತ್ತಾ, ಭಾರವಾ, ಎರಡೂನಾ? ಸುಟ್ಟು ಕರಕಲಾದ ಮೇಲೆ ಬೇರಿಂಗ್ ಸಾಕ್ಷಿ ಹೇಳುವುದಿಲ್ಲ. ಮೂರು ದಿನ ಮೋಟೆಲ್‌ನಲ್ಲಿ ಕೂತು ಆಕ್ಸಲ್‌ಗೆ ಕಾದರು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ.

ವಾಪಸ್ ಬಂದಾಗ ದೂರದಿಂದಲೇ ಶಾಖ ಹೇಳುವ ಥರ್ಮಾಮೀಟರ್ ಒಂದನ್ನು ಅವರ ಮನೆಯವರ ಕೈಗೆ ಕೊಟ್ಟೆ. ಪೆಟ್ರೋಲ್‌ಗೆ ನಿಂತಾಗಲೆಲ್ಲ ನಾಲ್ಕೂ ಹಬ್ಬಿಗೆ ಹಿಡಿಯಿರಿ ಅಂದೆ. ಅಂಕಿ ಎಷ್ಟು ಅನ್ನೋದು ಮುಖ್ಯವಲ್ಲ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ನಾಲ್ಕೂ ಕಾಯುತ್ತವೆ. ಒಂದು ಮಾತ್ರ ಉಳಿದ ಮೂರನ್ನು ಬಿಟ್ಟು ಮೇಲೆ ಹೋದರೆ ನಿಲ್ಲಿಸಿ. ಆ ತಾಯಿ ಈಗ ಪ್ರತಿ ನಿಲುಗಡೆಯಿಂದ ವಾಟ್ಸಾಪ್ ಮಾಡುತ್ತಾರೆ. ಮೊನ್ನೆ ಊಟಕ್ಕೆ ಕೂತಾಗ ಬಂತು, ಫ್ಯಾರನ್‌ಹೀಟ್ ಲೆಕ್ಕದಲ್ಲಿ: "104, 106, 105, 131. ಅಣ್ಣಾ, ಎಡ ಹಿಂದಿನದು." ತುತ್ತು ಬಿಟ್ಟು ಫೋನ್ ಮಾಡಿದೆ. ಗಾಲಿ ಎತ್ತಿ ತಿರುಗಿಸಿ ನೋಡಲು ಹೇಳಿದೆ. ಬೇರಿಂಗ್ ಅಲ್ಲ, ಬ್ರೇಕ್ ಕಚ್ಚಿಕೊಂಡಿತ್ತು.