ಬರ್ಸಾತಿ: ಕುದುರೆಯ ಮಳೆಗಾಲದ ಹುಣ್ಣು

ಬರಸಾತ್ ಎಂದರೆ ಹಿಂದಿಯಲ್ಲಿ ಮಳೆ. ಮಳೆ ಹಿಡಿದ ಮೇಲೆ ಕುದುರೆಯ ಕಾಲು, ಎದೆ, ಹೊಟ್ಟೆಯಡಿಯಲ್ಲಿ ಎದ್ದು, ಏನು ಹಚ್ಚಿದರೂ ಮಾಯದ ಹುಣ್ಣಿಗೆ ಬ್ರಿಟಿಷ್ ಕಾಲದ ಪಶುವೈದ್ಯರು ಈ ದೇಸಿ ಹೆಸರನ್ನೇ ಬರೆದಿಟ್ಟರು. ಹುಣ್ಣಿನೊಳಗೆ ಸಿಗುವ ಗಟ್ಟಿ ಹರಳಿಗೂ ಹಾಗೆಯೇ ‘ಕಂಕರ್’ ಎಂಬ ಹೆಸರು ನಿಂತಿತು. ಅದೂ ಹಿಂದಿಯದೇ, ಜಲ್ಲಿಕಲ್ಲು ಎಂದರ್ಥ.

ತೊಡಕೆಂದರೆ, ಇದು ಋತು ನೋಡಿ ಇಟ್ಟ ಹೆಸರು, ಕಾರಣ ನೋಡಿ ಅಲ್ಲ. ನೊಣಗಳು ತಂದುಬಿಡುವ ಹ್ಯಾಬ್ರೋನೀಮಾ ಹುಳುವಿನ ಹುಣ್ಣೂ, ಬೆಸಿಡಿಯೋಬೋಲಸ್‌ನಂಥ ನಿಜವಾದ ಶಿಲೀಂಧ್ರಗಳ ಗಂಟೂ, ಪೈಥಿಯಮ್ ಇನ್ಸಿಡಿಯೋಸಮ್ ಎಂಬ ಸೂಕ್ಷ್ಮಜೀವಿ ತರುವ ಪೈಥಿಯೋಸಿಸ್ ರೋಗವೂ ಇದರೊಳಗೆ ಬೆರೆತುಹೋಗಿವೆ.

ಪೈಥಿಯಮ್ ಎಳೆಎಳೆಯಾಗಿ ಬೆಳೆದರೂ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆಯೇ ಗುಂಪಿನ ಜೀವಿ. ನಮ್ಮ ಅಡಿಕೆ ಕೊಳೆರೋಗದ ಫೈಟಾಫ್ತೊರಾ ಜಾತಿಯ ದಾಯಾದಿ. ನಿಂತ ನೀರಿನಲ್ಲಿ ಈಜುವ ಇದರ ಬೀಜಕಗಳು ತರಚಿದ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವು ಹೊಡೆಯುವುದು ಎರ್ಗೊಸ್ಟೆರಾಲ್ ಎಂಬ ಕೊಬ್ಬಿಗೆ. ಪೈಥಿಯಮ್ಮಿನ ಕೋಶಪೊರೆಯಲ್ಲಿ ಅದು ಇಲ್ಲದ್ದರಿಂದ ಆ ಔಷಧಗಳು ಹೆಚ್ಚಾಗಿ ಸೋಲುತ್ತವೆ.

ಪೈಥಿಯೋಸಿಸ್ಸಿನ ಗುರುತೇನು? ವಿಪರೀತ ತುರಿಕೆ, ಕುದುರೆ ಹುಣ್ಣನ್ನು ತಾನೇ ಕಚ್ಚಿಕೊಳ್ಳುತ್ತದೆ. ರಕ್ತ ಬೆರೆತ ಅಂಟು ಸ್ರಾವ, ದಿನದಿನಕ್ಕೆ ಹಿಗ್ಗುವ ದುರ್ಮಾಂಸ, ಅದರ ತೂತುಗಳಲ್ಲಿ ಹವಳದ ತುಣುಕಿನಂಥ ಹಳದಿ-ಬೂದು ಹರಳು. ಹರಳು ಹ್ಯಾಬ್ರೋನೀಮಾ ಹುಣ್ಣಿನಲ್ಲೂ ಸಿಗುತ್ತದೆ, ಆದರೆ ಅಲ್ಲಿ ಅಕ್ಕಿನುಚ್ಚಿನಷ್ಟು ಸಣ್ಣದು. ಸಾರ್ಕಾಯ್ಡ್ ಎಂಬ ಚರ್ಮದ ಗಡ್ಡೆಯೂ ಹೀಗೇ ಕಾಣಬಹುದಾದ್ದರಿಂದ ಕಣ್ಣಂದಾಜು ಸಾಲದು.

ಮೇಲಿನ ಕೀವನ್ನು ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಪ್ರಯೋಜನವಿಲ್ಲ, ಅದರಲ್ಲಿ ಬರೀ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಳಗಿನ ಹರಳುಗಳನ್ನೇ ತೆಗೆದು, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಕಳಿಸಬೇಕು. ಐಸಿನಲ್ಲಿಟ್ಟರೆ ಪೈಥಿಯಮ್ ಸಾಯಬಹುದು, ತಂಪಾದ ಕೋಣೆಯ ಉಷ್ಣತೆ ಸಾಕು. 10% ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅಡ್ಡಗೋಡೆಗಳು ವಿರಳವಾದ ಅಗಲ ಎಳೆಗಳು ಕಾಣುತ್ತವೆ. ಉಳಿದ ಹರಳನ್ನು ಪ್ರಯೋಗಾಲಯದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯಲು ಇಟ್ಟರೆ 24ರಿಂದ 48 ಗಂಟೆಯೊಳಗೆ ಪೈಥಿಯಮ್ ಬೆಳೆದು ಕಾಣುತ್ತದೆ. ಆದರೂ ಬೆಸಿಡಿಯೋಬೋಲಸ್‌ನಿಂದ ಬೇರ್ಪಡಿಸಲು ಪಿಸಿಆರ್ ಪರೀಕ್ಷೆಯೇ ಗಟ್ಟಿ. ಊತಕ ಪರೀಕ್ಷೆಗೆ ಕೊಡುವಾಗ ಬೆಳ್ಳಿ ಬಣ್ಣಗಾರಿಕೆ ಬೇಕೆಂದು ಚೀಟಿಯಲ್ಲಿ ಬರೆಯುವುದು ಒಳ್ಳೆಯದು. ಮಾಮೂಲಿ ಬಣ್ಣದಲ್ಲಿ ಎಳೆಗಳು ಕಣ್ತಪ್ಪುತ್ತವೆ.

ಚಿಕಿತ್ಸೆಯಲ್ಲಿ ಮೊದಲು ಕತ್ತಿ. ಸುತ್ತಲ ಒಳ್ಳೆಯ ಚರ್ಮವನ್ನೂ ಸೇರಿಸಿ ಅಗಲವಾಗಿ ಕತ್ತರಿಸಬೇಕು. ಅಂಚಿನಲ್ಲಿ ಸ್ವಲ್ಪ ಉಳಿದರೂ ಮರುಕಳಿಸುತ್ತದೆ. ಕೀಲು, ಸ್ನಾಯುರಜ್ಜುಗಳ ಹತ್ತಿರ ಹಾಗೆ ಕತ್ತರಿಸಲಾಗದು, ಅಲ್ಲಿ ಸತ್ತ ಪೈಥಿಯಮ್ಮಿನ ಪ್ರೋಟೀನನ್ನು ಚುಚ್ಚಿ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೊಥೆರಪಿ ನೆರವಾಗುತ್ತದೆ. ಹುಣ್ಣು 2 ತಿಂಗಳು ದಾಟುವ ಮೊದಲೇ ಕೊಟ್ಟರೆ ಫಲ ಹೆಚ್ಚು. ಹಳೆಯ ಹುಣ್ಣಾದರೆ ಎಲುಬಿಗೆ ಇಳಿದಿದೆಯೇ ಎಂದು ಎಕ್ಸ್‌ರೇ ತೆಗೆಯಬೇಕು. ಔಷಧವಾಗಿ ಅಯೊಡೈಡ್ ಲವಣ ಬಳಸುವವರು ಕಣ್ಣೀರು, ಚರ್ಮದ ಹೊಟ್ಟು, ಕೆಮ್ಮು ಕಂಡಕೂಡಲೇ ನಿಲ್ಲಿಸಬೇಕು. ಗಬ್ಬದ ಕುದುರೆಗೆ ಅದನ್ನು ಕೊಡಲೇಬಾರದು.

ಪೈಥಿಯೋಸಿಸ್ ಕುದುರೆಯಿಂದ ಕುದುರೆಗೆ ಅಂಟುವ ರೋಗವಲ್ಲ. ಲಾಯದಲ್ಲಿ ಒಂದಕ್ಕೆ ಬಂದರೆ ನೋಡಬೇಕಾದ್ದು ಪಕ್ಕದ ಕುದುರೆಯನ್ನಲ್ಲ, ಅವೆರಡೂ ಇಳಿಯುವ ಕೆರೆಯಂಗಳವನ್ನು.