ಬಿಲ್ಲಿ ಬೋಸ್ಟನ್‌ಗೆ 'ಸರ್' ಪದವಿ ಬರಲು ಇಷ್ಟು ಕಾಲ ಹಿಡಿದಿದ್ದೇಕೆ?

2025ರ ಜೂನ್‌ನಲ್ಲಿ ಬಿಲ್ಲಿ ಬೋಸ್ಟನ್ 'ಸರ್' ಆದಾಗ ಅವರಿಗೆ 90 ವರ್ಷ. ರಗ್ಬಿ ಲೀಗ್ ಆಟಗಾರರೊಬ್ಬರಿಗೆ ನೈಟ್‌ಹುಡ್ ಸಿಕ್ಕಿದ್ದು ಅದೇ ಮೊದಲು. ಆಟ ಹುಟ್ಟಿ ಆಗಲೇ ಸುಮಾರು 130 ವರ್ಷ ಕಳೆದಿತ್ತು!

ಕಥೆ ಶುರುವಾಗುವುದು ಕೂಲಿಯ ಜಗಳದಿಂದ. ಗಣಿ, ಗಿರಣಿಗಳ ಕಾರ್ಮಿಕರು ಪಂದ್ಯಕ್ಕೆಂದು ಕೆಲಸ ಬಿಟ್ಟರೆ ಸಂಬಳ ಖೋತಾ. ಅದನ್ನು ತುಂಬಿಕೊಡುತ್ತೇವೆ ಎಂದ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳಿಗೆ ರಗ್ಬಿ ಯೂನಿಯನ್ ಒಪ್ಪಿಗೆ ಕೊಡಲಿಲ್ಲ. 1895ರಲ್ಲಿ ಅವು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಬೇರೆಯಾದವು. ಅದೇ ಮುಂದೆ ರಗ್ಬಿ ಲೀಗ್ ಆಯಿತು. ಲೀಗಿನ ದುಡ್ಡು ಮುಟ್ಟಿದವನಿಗೆ ಯೂನಿಯನ್ ಬಾಗಿಲು ಮುಚ್ಚಿತು. ಯೂನಿಯನ್ ತಾನೇ ವೃತ್ತಿಪರವಾದದ್ದು 1995ರಲ್ಲಿ.

ಬೋಸ್ಟನ್ ಕಾರ್ಡಿಫ್‌ನ ಬಂದರು ಕೇರಿ ಟೈಗರ್ ಬೇಯವರು. ಕಪ್ಪು ಹುಡುಗನಿಗೆ ಆಗ ವೇಲ್ಸ್ ಯೂನಿಯನ್ ಜೆರ್ಸಿ ದೂರದ ಮಾತು. ಆ ತಂಡದಲ್ಲಿ ಕಪ್ಪು ಆಟಗಾರ ಕಂಡಿದ್ದು 1980ರ ದಶಕದಲ್ಲಿ. 1953ರಲ್ಲಿ ಉತ್ತರ ಇಂಗ್ಲೆಂಡಿನ ಲೀಗ್ ಕ್ಲಬ್ ವಿಗನ್‌ನವರು ಮನೆಗೇ ಬಂದರು. ಅವರನ್ನು ಸಾಗಹಾಕಲು ತಾಯಿ 3,000 ಪೌಂಡ್ ಕೇಳಿದರಂತೆ. ಕ್ಲಬ್ಬಿನವರು ಹೂಂ ಎಂದುಬಿಟ್ಟರು. ವಿಗನ್‌ನ ಮುಖ್ಯ ತಂಡಕ್ಕೆ ಬೆರಳೆಣಿಕೆಯ ಪಂದ್ಯ ಆಡುವಷ್ಟರಲ್ಲಿ ಬ್ರಿಟನ್ ಪರ 1954ರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ. ಅಲ್ಲಿ 36 ಟ್ರೈ, ಅಂದರೆ ಅಷ್ಟು ಸಲ ಗೋಲುಗೆರೆಯಾಚೆ ಚೆಂಡು ಒತ್ತಿ ಅಂಕ.

ಬೋಸ್ಟನ್ ಆಡಿದ್ದು ವಿಂಗರ್ ಆಗಿ, ಅಂದರೆ ಮೈದಾನದ ಅಂಚಿನಲ್ಲಿ. ಆ ಕೆಲಸ ಹೇಳುವುದಕ್ಕೆ ಸುಲಭ. ಅಂಚುಗೆರೆ ದಾಟದೆ ಓಡಿ, ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಬೇಕು. ಬೋಸ್ಟನ್ ಕಾಲದಲ್ಲಿ ಅದಕ್ಕೆ 3 ಅಂಕ. ಒತ್ತುವ ಮುನ್ನ ಕಾಲು ಗೆರೆಗೆ ತಾಕಿದರೂ, ಆಗಿನ ನಿಯಮದಂತೆ ಮೂಲೆಯ ಕಂಬಕ್ಕೆ ಮೈ ತಗಲಿದರೂ ಅಷ್ಟೂ ಓಟ ವ್ಯರ್ಥ. ಬಲಗಡೆಯ ವಿಂಗರ್ ಚೆಂಡನ್ನು ಹೊರಗಿನ, ಅಂದರೆ ಬಲ ಕಂಕುಳಲ್ಲಿ ಅವುಚಿಕೊಂಡರೆ, ಒಳಗಿನಿಂದ ನುಗ್ಗುವವನನ್ನು ತಳ್ಳಲು ಎಡಗೈ ಖಾಲಿ ಉಳಿಯುತ್ತದೆ. ಬೋಸ್ಟನ್‌ರ ಮೈಕಟ್ಟಿಗೆ ಆ ತಳ್ಳು ಸಾಕಿತ್ತು. ಸಾಲದಿದ್ದರೆ ಒಳಕ್ಕೆ ತಿರುಗಿ ಎದುರಾಳಿಯ ಮೇಲೇ ನುಗ್ಗುತ್ತಿದ್ದರು.

ಆದರೆ ವಿಂಗರ್ ಪಾಸ್ ನಂಬಿ ಬದುಕುವವನು. ಅವನ ಒಳಪಕ್ಕದಲ್ಲಿ ಆಡುವ ಸೆಂಟರ್ ಬೇಗ ಎಸೆದರೆ ಎದುರಿನ ರಕ್ಷಕ ಸರಿದು ಬಂದು ವಿಂಗರ್‌ನನ್ನು ಗೆರೆಗೆ ಒತ್ತುತ್ತಾನೆ. ತಡಮಾಡಿದರೆ ಚೆಂಡಿನ ಸಮೇತ ತಾನೇ ಬೀಳುತ್ತಾನೆ. ರಕ್ಷಕ ತನ್ನತ್ತ ವಾಲಿದ ಕ್ಷಣಕ್ಕೇ ಚೆಂಡು ಬಿಡಬೇಕು. ವಿಗನ್‌ನಲ್ಲಿ ಎರಿಕ್ ಆಷ್ಟನ್ ಅದನ್ನು ವರ್ಷಗಟ್ಟಲೆ ಮಾಡಿಕೊಟ್ಟರು. ಇದೂ ಗೊತ್ತಿರಲಿ: 1966ರವರೆಗೆ ಟ್ಯಾಕಲ್‌ಗೆ, ಅಂದರೆ ಚೆಂಡು ಹೊತ್ತವನನ್ನು ಹಿಡಿದು ಬೀಳಿಸುವುದಕ್ಕೆ, ಮಿತಿಯೇ ಇರಲಿಲ್ಲ. ಬಿದ್ದವನು ಎದ್ದು ಕಾಲಿನಿಂದ ಚೆಂಡು ಹಿಂದಕ್ಕೆ ತಳ್ಳಿ ಮತ್ತೆ ಆಟ. ಕೆಲವು ತಂಡಗಳು ಹೀಗೇ ಚೆಂಡು ಬಿಡದೆ ಕಾಲ ತಳ್ಳುತ್ತಿದ್ದವು, ಅಂಚಿನವನು ಸುಮ್ಮನೆ ನಿಂತಿರಬೇಕು. ಬೋಸ್ಟನ್ ವಿಗನ್‌ಗೆ 488 ಪಂದ್ಯಗಳಲ್ಲಿ 478 ಟ್ರೈ ಗಳಿಸಿದ್ದು ಬಹುಪಾಲು ಇಂಥ ನಿಯಮದಡಿ. ಈಗಿನ ಆರು ಟ್ಯಾಕಲ್‌ಗಳ ಆಟದ ಅಂಕಿಗಳ ಪಕ್ಕ ಇದನ್ನಿಟ್ಟು ತೂಗುವುದು ನನಗೆ ಸರಿ ಕಾಣದು.

1957ರ ವಿಶ್ವಕಪ್ ಮುಗಿಸಿ ಬರುತ್ತ ಬ್ರಿಟನ್ ತಂಡ ದಕ್ಷಿಣ ಆಫ್ರಿಕಾದಲ್ಲಿ ಪ್ರದರ್ಶನ ಪಂದ್ಯಗಳಿಗೆ ಇಳಿಯಿತು. ಅಲ್ಲಿ ವರ್ಣಭೇದ ನೀತಿ. ಜೊತೆಯವರು ಆಡಲು ಹೋದರು, ಬೋಸ್ಟನ್ ಒಬ್ಬರೇ ಮನೆಗೆ ವಿಮಾನ ಹತ್ತಿದರು.

ಅವರು ವಿಗನ್ ಬಿಟ್ಟದ್ದು 1968ರಲ್ಲಿ. ಅದರ ಹಿಂದಿನ ವರ್ಷ ವೇಲ್ಸ್ ಯೂನಿಯನ್ ತಂಡಕ್ಕೆ ಕಾಲಿಟ್ಟ ಗ್ಯಾರೆತ್ ಎಡ್ವರ್ಡ್ಸ್ 2015ರಲ್ಲೇ 'ಸರ್' ಆಗಿದ್ದರು.